ಮುಪ್ಪು ಬರುವ ದೇವರುಗಳು: ಪ್ರಾಚೀನ ಈಜಿಪ್ಟಿನ ದೈವಲೋಕ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈಜಿಪ್ಟಿನ ದೇವರುಗಳು ಅಂದಕೂಡಲೇ ಕಣ್ಣ ಮುಂದೆ ನಿಲ್ಲುವುದು ಗಿಡುಗದ ತಲೆ, ನರಿಯ ತಲೆ, ಮೊಸಳೆಯ ತಲೆ. ಆ ತಲೆಗಳ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಒಬ್ಬ ಮುದುಕನ ಕಥೆ ಹೇಳುತ್ತೇನೆ.

ಇಟಲಿಯ ಟ್ಯೂರಿನ್ ನಗರದ ಈಜಿಪ್ಟ್ ವಸ್ತುಸಂಗ್ರಹಾಲಯದಲ್ಲಿ ಒಂದು ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ಬರಹ, ಇದೆ. ರಾಮ್ಸೆಸ್ ಹೆಸರಿನ ರಾಜರ ಕಾಲದ್ದು, ಸುಮಾರು 3,200 ವರ್ಷ ಹಳೆಯದು. ಅದರಲ್ಲಿ ಬರುವ ಮುದುಕ ಬೇರೆ ಯಾರೂ ಅಲ್ಲ, ರಾ. ಸೂರ್ಯದೇವ. ಭೂಮಿ, ಆಕಾಶ, ನೀರು, ಬೆಂಕಿ ಎಲ್ಲವನ್ನೂ ಉಂಟುಮಾಡಿದವನು. ಅವನಿಗೆ ವಯಸ್ಸಾಗಿದೆ. ಬಾಯಿ ಅದುರುತ್ತದೆ, ಜೊಲ್ಲು ನೆಲಕ್ಕೆ ಬೀಳುತ್ತದೆ. ಐಸಿಸ್ ದೇವಿ ಆ ಜೊಲ್ಲನ್ನು ಅದು ಬಿದ್ದ ಮಣ್ಣಿನ ಜೊತೆಗೇ ಕೈಯಲ್ಲಿ ನಾದಿ ಒಂದು ಹಾವು ಮಾಡುತ್ತಾಳೆ. ರಾ ದಿನವೂ ಓಡಾಡುವ ದಾರಿಯಲ್ಲಿ ಅದನ್ನು ಬಿಡುತ್ತಾಳೆ. ಹಾವು ಕಚ್ಚುತ್ತದೆ. ಲೋಕ ಸೃಷ್ಟಿಸಿದವನ ದವಡೆ ಕಟಕಟಿಸುತ್ತದೆ, ಕೈಕಾಲು ನಡುಗುತ್ತವೆ. ನೈಲ್ ನದಿಯ ಪ್ರವಾಹ ಹೊಲಗದ್ದೆಗೆ ನುಗ್ಗುವಂತೆ ವಿಷ ಮೈಯೆಲ್ಲ ವ್ಯಾಪಿಸಿತು ಎನ್ನುತ್ತದೆ ಆ ಬರಹ. ತಾನು ಸೃಷ್ಟಿಸದ ಯಾವುದೋ ತನ್ನನ್ನು ಕಚ್ಚಿದೆಯಲ್ಲ ಎಂದು ರಾ ಕಂಗಾಲಾಗುತ್ತಾನೆ.

ಐಸಿಸ್ ಬಂದು ಕೇಳುತ್ತಾಳೆ: ನಿನ್ನ ಹೆಸರು ಹೇಳು, ಯಾರ ಹೆಸರು ಉಚ್ಚರಿಸಲಾಗುತ್ತದೋ ಅವರು ಬದುಕುತ್ತಾರೆ. ರಾ ಬಿರುದುಗಳ ಪಟ್ಟಿಯನ್ನೇ ಬಿಚ್ಚುತ್ತಾನೆ. ಬೆಳಿಗ್ಗೆ ನಾನು ಖೆಪ್ರಿ, ನಡುಹಗಲು ರಾ, ಸಂಜೆ ಆತುಮ್. ವಿಷ ಇಳಿಯುವುದಿಲ್ಲ. ನೀನು ಹೇಳಿದ್ದರಲ್ಲಿ ನಿನ್ನ ನಿಜವಾದ ಹೆಸರಿಲ್ಲವಲ್ಲ, ಅನ್ನುತ್ತಾಳೆ ಐಸಿಸ್. ಉರಿ ತಾಳಲಾರದೆ ಕೊನೆಗೆ ಅವನು ಸೋಲುತ್ತಾನೆ. ಆ ಗುಟ್ಟಿನ ಹೆಸರು ಅವನ ಒಡಲಿನಿಂದ ಅವಳ ಒಡಲಿಗೆ ದಾಟುತ್ತದೆ. ಅದು ಯಾವುದೆಂದು ಪಪೈರಸ್ ನಮಗೆ ಹೇಳುವುದಿಲ್ಲ.

ಕಥೆ ಮುಗಿದ ಮೇಲೆ ಏನು ಬರೆದಿದೆ ಅನ್ನುವುದು ನನಗೆ ಕಥೆಗಿಂತ ಹೆಚ್ಚು ಇಷ್ಟ. ಈ ಮಾತುಗಳನ್ನು ಆತುಮ್, ಐಸಿಸ್, ಅವಳ ಮಗ ಹೋರಸ್ ಇವರ ಚಿತ್ರಗಳ ಮೇಲೆ ಹೇಳಬೇಕು. ಚಿತ್ರವನ್ನು ವಿಷವೇರಿದವನ ಕೈ ಮೇಲೆ ಬರೆದು ಅವನು ಅದನ್ನು ನೆಕ್ಕಬೇಕು. ಒಂದು ಗಿಡಮೂಲಿಕೆಯನ್ನು ಬಿಯರಿನಲ್ಲೋ ದ್ರಾಕ್ಷಾರಸದಲ್ಲೋ ಕದಡಿ ಕುಡಿಸಬೇಕು. ಅಂದರೆ ನಾವು ಇಷ್ಟು ಹೊತ್ತು ಪುರಾಣವೆಂದು ಕೇಳಿದ್ದು ವಿಷ ಇಳಿಸುವ ಮಂತ್ರ. ಹಳ್ಳಿಯ ಒಬ್ಬ ಕೂಲಿಗೆ ಚೇಳು ಕಡಿದಾಗ ಹೇಳುತ್ತಿದ್ದದ್ದು ಈ ಕಥೆ. ದೇವರಿಗೂ ಹೀಗೆಯೇ ಆಗಿತ್ತು, ಅವನು ಬದುಕಿದ, ನೀನೂ ಬದುಕುತ್ತೀ ಎಂಬ ಧೈರ್ಯ ಅದರಲ್ಲಿದೆ. ನೋವೇ ಕಾಣದ ದೇವರ ಹೆಸರಿನಲ್ಲಿ ಈ ಮಂತ್ರ ಕಟ್ಟಲು ಆಗುತ್ತಿರಲಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಪುರಾಣದ ದೇವತೆಗಳು ಅಮೃತ ಕುಡಿದು ಮುಪ್ಪು ಸಾವುಗಳನ್ನು ದಾಟಿದವರು. ಈಜಿಪ್ಟಿನವರ ದೇವರುಗಳು ಸವೆಯುತ್ತಾರೆ. ಅವರಿಗೆ ಮುಪ್ಪು ಬರುತ್ತದೆ, ಗಾಯವಾಗುತ್ತದೆ, ಒಬ್ಬನಂತೂ ಸತ್ತೇ ಹೋಗಿದ್ದಾನೆ. ಅವರು ಕಟ್ಟಿದ ಲೋಕವೂ ತಾನಾಗಿ ನಿಲ್ಲುವಂಥದ್ದಲ್ಲ. ಪ್ರತಿದಿನ ದೇವರೂ ಮನುಷ್ಯರೂ ಸೇರಿ ಅದನ್ನು ಎತ್ತಿ ನಿಲ್ಲಿಸಬೇಕು. ಹಾಗೆ ನಿಂತ ಲೋಕದ ಸರಿಯಾದ ಸ್ಥಿತಿಗೆ ಅವರು ಮಾಅತ್ ಎಂದರು. ಅದನ್ನು ತಲೆಯಲ್ಲಿ ಗರಿ ಮುಡಿದ ಒಬ್ಬ ದೇವಿಯಾಗಿ ಚಿತ್ರಿಸಿದರು. ಮೂರು ಸಾವಿರ ವರ್ಷಕ್ಕೂ ಮೀರಿ ಬಾಳಿದ ಈ ಧರ್ಮದಲ್ಲಿ ನೂರಾರು ದೇವತೆಗಳಿದ್ದಾರೆ. ಎಲ್ಲರ ಪರಿಚಯ ಮಾಡಿಸುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಈ ಒಂದು ಎಳೆ ಹಿಡಿದು ಹೋಗೋಣ.

ರಾನ ಮುಪ್ಪಿನದೇ ಇನ್ನೊಂದು ಕಥೆ ಮೊದಲನೆಯ ಸೇತಿ ರಾಜನ ಸಮಾಧಿಯ ಗೋಡೆಯ ಮೇಲಿದೆ. ಅದರ ಒಂದು ಭಾಗ ರಾಜ ತೂತಾಂಖಾಮನ್‌ನ ಚಿನ್ನದ ಮಂಟಪದ ಮೇಲೂ ಸಿಕ್ಕಿದೆ. ರಾಗೆ ವಯಸ್ಸಾಗಿದೆ, ಮೂಳೆ ಬೆಳ್ಳಿಯಾಗಿದೆ, ಮಾಂಸ ಚಿನ್ನವಾಗಿದೆ, ಕೂದಲು ಲಾಪಿಸ್ ಎಂಬ ನೀಲಿ ಕಲ್ಲಾಗಿದೆ. ಮುದುಕನಾದ ಅಂತ ಮನುಷ್ಯರು ಅವನ ವಿರುದ್ಧ ಪಿತೂರಿ ಮಾಡುತ್ತಾರೆ. ಸಿಟ್ಟಾದ ರಾ ತನ್ನ ಕಣ್ಣನ್ನೇ ಹಾಥೋರ್ ದೇವಿಯ ರೂಪದಲ್ಲಿ ಕಳಿಸುತ್ತಾನೆ. ಅವಳು ಕೊಲ್ಲುತ್ತ ಕೊಲ್ಲುತ್ತ ಸಿಂಹಿಣಿಯಾದ ಸೆಖ್ಮೆಟ್ ಆಗುತ್ತಾಳೆ, ನೆತ್ತರಿನ ರುಚಿ ಹತ್ತುತ್ತದೆ. ಇಷ್ಟಾದ ಮೇಲೆ ರಾಗೆ ಮರುಕ. ತಾನು ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯುವುದು ಅವನಿಗೂ ಆಗುವುದಿಲ್ಲ. ಆಗ ರಾತ್ರೋರಾತ್ರಿ 7,000 ಕೊಡ ಬಿಯರ್ ಮಾಡಿಸಿ, ಅದಕ್ಕೆ ಕೆಂಪು ಮಣ್ಣು ಕಲಸಿ ಹೊಲದ ತುಂಬ ಹರಿಸುತ್ತಾರೆ. ಬೆಳಗಾಗುತ್ತಲೇ ಬಂದ ದೇವಿ ಅದನ್ನು ರಕ್ತವೆಂದುಕೊಂಡು ಕುಡಿದು, ಅಮಲೇರಿ, ಮನುಷ್ಯರ ಗುರುತೇ ಸಿಗದೆ ಹಿಂದಿರುಗುತ್ತಾಳೆ. ಮನುಕುಲ ಉಳಿದದ್ದು ಹೀಗೆ. ರಾ ಮಾತ್ರ ಬೇಸತ್ತು, ಆಕಾಶದ ಹಸುವಾದ ನುತ್ ದೇವಿಯ ಬೆನ್ನೇರಿ ಭೂಮಿಯಿಂದ ದೂರ ಹೋಗುತ್ತಾನೆ.

ಈ ಕಥೆ ಗೋಡೆಯ ಮೇಲಷ್ಟೇ ಉಳಿಯಲಿಲ್ಲ. ಕಾರ್ನಾಕ್‌ನ ದೇವಾಲಯ ಸಮೂಹದ ಮುತ್ ದೇವಿಯ ಆವರಣದಲ್ಲಿ ಹತ್‌ಶೆಪ್ಸುತ್ ರಾಣಿ ಅಮಲಿನ ಹಬ್ಬಕ್ಕೆಂದೇ ಕಟ್ಟಿಸಿದ ಮಂಟಪದ ಕಂಬಗಳು ಅಗೆತದಲ್ಲಿ ಸಿಕ್ಕಿವೆ. ಆ ಹಬ್ಬದಲ್ಲಿ ಜನ ಕುಡಿದು ಮಲಗುತ್ತಿದ್ದರು. ಉಗ್ರದೇವಿಯನ್ನು ತಣಿಸುವ ಬಗೆ ಅದು. ಸಾಂಕ್ರಾಮಿಕ ರೋಗವನ್ನು ಕಳಿಸುವವಳು ಸೆಖ್ಮೆಟ್, ಆದ್ದರಿಂದ ವಾಸಿ ಮಾಡುವವಳೂ ಅವಳೇ. ಅವಳ ಅರ್ಚಕರು ವೈದ್ಯರೂ ಆಗಿದ್ದರು. ಮೂರನೆಯ ಅಮೆನ್‌ಹೋಟೆಪ್ ರಾಜ ಅವಳ ಕಪ್ಪು ಕಲ್ಲಿನ ವಿಗ್ರಹಗಳನ್ನು ನೂರುಗಟ್ಟಲೆ ಮಾಡಿಸಿದ. ಲಂಡನ್, ಟ್ಯೂರಿನ್, ಕೈರೋ, ಎಲ್ಲೇ ಹೋದರೂ ಅವು ಸಾಲಾಗಿ ಕುಳಿತಿರುತ್ತವೆ. ಸಿಂಹದ ಮುಖ, ಹೆಣ್ಣಿನ ಮೈ, ತೊಡೆಯ ಮೇಲೆ ಶಾಂತವಾಗಿ ಇಟ್ಟ ಕೈಗಳು. ಆ ಕೈಗಳನ್ನು ನೋಡಿ, ಮುಖವನ್ನಲ್ಲ. ಶಿಲ್ಪಿ ತಣಿದ ದೇವಿಯನ್ನು ಕಡೆದಿದ್ದಾನೆ.

ಈಗ ಸತ್ತ ದೇವರ ವಿಷಯ. ಒಸೈರಿಸ್ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ತಮ್ಮ ಸೆಥ್ ಅಣ್ಣನನ್ನು ಕೊಲ್ಲುತ್ತಾನೆ, ಹೆಂಡತಿ ಐಸಿಸ್ ಗಂಡನ ದೇಹವನ್ನು ಹುಡುಕಿ ಸೇರಿಸುತ್ತಾಳೆ, ಹಕ್ಕಿಯಾಗಿ ರೆಕ್ಕೆ ಬೀಸಿ ಉಸಿರು ಕೊಡುತ್ತಾಳೆ, ಹೋರಸ್ ಹುಟ್ಟುತ್ತಾನೆ. ಆದರೆ ಇದನ್ನು ಮೊದಲಿನಿಂದ ಕೊನೆಯತನಕ ಒಂದೇ ಓಟದಲ್ಲಿ ಹೇಳಿದವನು ಈಜಿಪ್ಟಿನವನಲ್ಲ, ಬಹಳ ತಡವಾಗಿ ಬಂದ ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ. ಈಜಿಪ್ಟಿನವರು ಕೊಲೆಯ ಗಳಿಗೆಯನ್ನು ಬಿಡಿಸಿ ಬರೆಯುವುದಿಲ್ಲ. ಸೆಥ್ ಅವನನ್ನು ಕೆಡವಿದ, ಅವನು ಮಗ್ಗುಲಾಗಿ ಬಿದ್ದ, ಇಷ್ಟೇ. ಬರೆದದ್ದು ಮತ್ತೆ ನಡೆದೀತು ಎಂಬ ಭಯ ಅವರಿಗಿತ್ತು.

ಗಮನಿಸಬೇಕಾದದ್ದು ಒಸೈರಿಸ್ ಎದ್ದು ಬಂದು ಮತ್ತೆ ಗದ್ದುಗೆ ಏರುವುದಿಲ್ಲ ಅನ್ನುವುದನ್ನು. ಅವನು ಸತ್ತವನಾಗಿಯೇ ಸತ್ತವರ ಲೋಕ ಆಳುತ್ತಾನೆ. ಚಿತ್ರಗಳಲ್ಲಿ ಅವನ ಮೈ ಹಸಿರು ಅಥವಾ ಕಪ್ಪು. ಹಸಿರು ಪೈರಿನದು, ಕಪ್ಪು ನೈಲ್ ತಂದು ಹರಡುವ ಮೆಕ್ಕಲಿನದು. ತೂತಾಂಖಾಮನ್‌ನ ಸಮಾಧಿಯಲ್ಲಿ ಒಸೈರಿಸ್ ಆಕಾರದ ಮರದ ಅಚ್ಚು ಸಿಕ್ಕಿತು. ಅದರಲ್ಲಿ ಮಣ್ಣು ತುಂಬಿ, ಕಾಳು ಬಿತ್ತಿ, ನೀರು ಹಾಕಿ, ಮೊಳಕೆ ಬಂದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದರು. ಸತ್ತ ದೇವರ ಮೈಯಿಂದ ಪೈರು ಏಳುತ್ತದೆ ಎಂಬ ನಂಬಿಕೆಯನ್ನು ಇಷ್ಟು ಕೈಯಾರೆ ಮಾಡಿ ತೋರಿಸಿದ ಇನ್ನೊಂದು ವಸ್ತುವನ್ನು ನಾನು ಕಾಣೆ.

ಅಪ್ಪನ ಗದ್ದುಗೆ ಯಾರಿಗೆ ಎಂಬ ವ್ಯಾಜ್ಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ಈಜಿಪ್ಟಿನ ಸಾಹಿತ್ಯದಲ್ಲೇ ಅತ್ಯಂತ ಜೀವಂತವಾದ ಬರಹ. ಐದನೆಯ ರಾಮ್ಸೆಸ್ ಕಾಲದ ಈ ಪಪೈರಸ್ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ದೇವರುಗಳ ನ್ಯಾಯಸಭೆ ಕೂತಿದೆ. ಮಗ ಹೋರಸ್ ಒಂದು ಕಡೆ, ಚಿಕ್ಕಪ್ಪ ಸೆಥ್ ಇನ್ನೊಂದು ಕಡೆ. ಕೇಸು 80 ವರ್ಷದಿಂದ ನಡೆಯುತ್ತಿದೆ, ತೀರ್ಪಿಲ್ಲ. ಸಭಾಧ್ಯಕ್ಷ ರಾಗೆ ಬಲಶಾಲಿ ಸೆಥ್ ಮೇಲೆ ಒಲವು. ಬಾಬಾ ಎಂಬ ದೇವರು ಎದ್ದು ನಿಂತು, ನಿನ್ನ ಗುಡಿ ಖಾಲಿಯಾಗಿದೆ ಎಂದು ರಾಗೆ ಮುಖಕ್ಕೇ ಅಂದುಬಿಡುತ್ತಾನೆ. ರಾಗೆ ಎಷ್ಟು ನೋವಾಯಿತೆಂದರೆ, ಹೋಗಿ ತನ್ನ ಬಿಡಾರದಲ್ಲಿ ಅಂಗಾತ ಮಲಗಿಬಿಡುತ್ತಾನೆ, ದಿನವಿಡೀ ಏಳುವುದಿಲ್ಲ. ಮಗಳು ಹಾಥೋರ್ ಹೋಗಿ ಬಟ್ಟೆ ಸರಿಸಿ ನಗಿಸಿದ ಮೇಲೆಯೇ ಅವನು ಎದ್ದು ಬಂದು ಸಭೆಯಲ್ಲಿ ಕೂರುವುದು. ಸೂರ್ಯ ಮಲಗಿದರೆ ಲೋಕದ ಗತಿ ಏನು ಎಂಬುದು ಈ ನಗುವಿನ ಕೆಳಗೇ ಇದೆ.

ಐಸಿಸ್ ಬಂದರೆ ಸಭೆಗೇ ಬರುವುದಿಲ್ಲ ಎಂದು ಸೆಥ್ ಹಟ ಹಿಡಿಯುತ್ತಾನೆ. ಸಭೆ ಒಂದು ದ್ವೀಪಕ್ಕೆ ಹೋಗುತ್ತದೆ; ಐಸಿಸ್‌ನಂತೆ ಕಾಣುವ ಯಾವ ಹೆಂಗಸನ್ನೂ ದಾಟಿಸಬೇಡ ಎಂದು ಅಂಬಿಗನಿಗೆ ಕಟ್ಟಪ್ಪಣೆಯಾಗುತ್ತದೆ. ಐಸಿಸ್ ಬೆನ್ನು ಬಾಗಿದ ಮುದುಕಿಯಾಗಿ ಬರುತ್ತಾಳೆ. ಅಂಬಿಗ ರೊಟ್ಟಿಗೆ ಒಪ್ಪುವುದಿಲ್ಲ, ಚಿನ್ನದ ಉಂಗುರಕ್ಕೆ ಒಪ್ಪುತ್ತಾನೆ. ಆಚೆ ದಡದಲ್ಲಿ ಅವಳು ಚೆಲುವೆಯಾಗಿ ನಿಂತು ಸೆಥ್‌ನನ್ನು ಸೆಳೆದು ದೂರು ಹೇಳುತ್ತಾಳೆ: ನನ್ನ ಗಂಡ ದನ ಕಾಯುವವನು, ತೀರಿಕೊಂಡ, ಮಗ ಅಪ್ಪನ ದನ ನೋಡಿಕೊಂಡಿದ್ದ, ಯಾರೋ ಪರಕೀಯ ಬಂದು ಕೊಟ್ಟಿಗೆಯಲ್ಲಿ ಕೂತು, ನಿನ್ನ ಮಗನನ್ನು ಹೊಡೆದು ಓಡಿಸಿ ದನ ಹೊಡೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಸೆಥ್ ಉರಿದುಬಿದ್ದು, ಮಗ ಇರುವಾಗ ಪರಕೀಯನಿಗೆ ದನ ಸೇರುವುದುಂಟೇ, ಅನ್ನುತ್ತಾನೆ. ಐಸಿಸ್ ಹದ್ದಾಗಿ ಹಾರಿ ಜಾಲಿ ಮರದ ತುದಿಯಲ್ಲಿ ಕೂತು ಹೇಳುತ್ತಾಳೆ: ನಿನ್ನ ಬಾಯೇ ತೀರ್ಪು ಕೊಟ್ಟಿತು, ಇನ್ನೇನು ಬೇಕು? ಸೆಥ್ ಅಳುತ್ತ ರಾ ಹತ್ತಿರ ಹೋಗುತ್ತಾನೆ.

ಇಷ್ಟಾದರೂ ವ್ಯಾಜ್ಯ ಮುಗಿಯುವುದಿಲ್ಲ. ನೀರಾನೆಗಳಾಗಿ ಮುಳುಗಿ ಪಂದ್ಯ ಕಟ್ಟುತ್ತಾರೆ, ಕಲ್ಲಿನ ದೋಣಿಯ ಪಂದ್ಯ ಕಟ್ಟುತ್ತಾರೆ. ಕೊನೆಗೆ ಸಭೆ ಸತ್ತವರ ಲೋಕದಲ್ಲಿರುವ ಒಸೈರಿಸ್‌ಗೇ ಪತ್ರ ಬರೆಯುತ್ತದೆ. ಅವನ ಉತ್ತರ ಬಹಳ ಖಾರವಾಗಿದೆ. ದೇವರುಗಳು ಉಣ್ಣುವ ಜವೆ ಗೋಧಿ ನಾನು ಬೆಳೆಸಿದ್ದು. ನಾನಿರುವ ನಾಡಿನಲ್ಲಿ ಯಾವ ದೇವರಿಗೂ ದೇವಿಗೂ ಹೆದರದ ದೂತರು ತುಂಬಿದ್ದಾರೆ, ಅವರನ್ನು ಕಳಿಸಲೇ? ಕೊನೆಗೆ ನೀವೆಲ್ಲರೂ ಬಂದು ಸೇರಬೇಕಾದದ್ದು ಪಡುವಣದ ಈ ನಾಡಿಗೇ ತಾನೆ? ಇದನ್ನು ಓದಿದ ಮೇಲೆ ಸಭೆ ತಡಮಾಡುವುದಿಲ್ಲ, ಗದ್ದುಗೆ ಹೋರಸ್‌ಗೆ ಆಗುತ್ತದೆ. ಸಾಯುವ ದೇವರುಗಳಿಗೆ ಮಾತ್ರ ಈ ಬೆದರಿಕೆ ನಾಟುತ್ತದೆ.

ಮತ್ತು ಸೆಥ್? ಅವನನ್ನು ಕೊಲ್ಲುವುದಿಲ್ಲ, ದೇಶದಿಂದ ಅಟ್ಟುವುದೂ ಇಲ್ಲ. ಅವನು ನನಗೆ ಬೇಕು, ನನ್ನ ಮಗನಂತೆ ನನ್ನ ಜೊತೆ ಇರಲಿ, ಆಕಾಶದಲ್ಲಿ ಗುಡುಗಲಿ ಎಂದು ರಾ ಅವನನ್ನು ಕರೆದುಕೊಳ್ಳುತ್ತಾನೆ. ಯಾಕೆ ಬೇಕು? ರಾತ್ರಿಗೆ ಬೇಕು.

ಈಜಿಪ್ಟಿನವರಿಗೆ ರಾತ್ರಿ ಅಂದರೆ ಸೂರ್ಯನ ದೋಣಿ ಪಾತಾಳದ 12 ಗಂಟೆಗಳನ್ನು ಒಂದೊಂದಾಗಿ ದಾಟುವ ಹೊತ್ತು. ಅಪೆಪ್ ಎಂಬ ಮಹಾಸರ್ಪ ಅಲ್ಲಿ ಹೊಂಚು ಹಾಕಿದೆ. ಅದನ್ನು ದೇವರು ಅನ್ನುವ ಹಾಗಿಲ್ಲ, ಅದಕ್ಕೆ ಗುಡಿಯಿಲ್ಲ, ಪೂಜೆಯಿಲ್ಲ. ಲೋಕ ಹುಟ್ಟುವ ಮೊದಲಿದ್ದ ಅವ್ಯವಸ್ಥೆಯೇ ಹಾವಾಗಿ ಬಂದಂತೆ. ದೋಣಿಯ ಮುಂತುದಿಯಲ್ಲಿ ನಿಂತು ಅದನ್ನು ಈಟಿಯಿಂದ ತಿವಿಯುವವನು ಯಾರು? ಅಣ್ಣನನ್ನು ಕೊಂದ ಅದೇ ಸೆಥ್. ಅವನಷ್ಟು ಒರಟು, ಅವನಷ್ಟು ಬಲ ಬೇರೆ ಯಾರಲ್ಲೂ ಇಲ್ಲ. ತಪ್ಪಿತಸ್ಥನಿಗೂ ಲೋಕ ಕಾಯುವ ಕೆಲಸವೊಂದನ್ನು ಉಳಿಸಿದ ಈ ಪುರಾಣಕಾರರ ಬಗ್ಗೆ ನನಗೆ ತುಂಬ ಗೌರವವಿದೆ.

ಈ ರಾತ್ರಿಯ ಪಯಣವನ್ನು ಗಂಟೆಗಂಟೆಯ ಲೆಕ್ಕದಲ್ಲಿ ಕಾಣಬೇಕಾದರೆ ಲಕ್ಸರ್‌ನ ರಾಜರ ಕಣಿವೆಯಲ್ಲಿ ಮೂರನೆಯ ಥುಟ್ಮೋಸ್‌ನ ಸಮಾಧಿಗೆ ಇಳಿಯಬೇಕು. ಹಳದಿ ಛಾಯೆಯ ಗೋಡೆಯ ತುಂಬ ಕಡ್ಡಿಗೆರೆಯ ಸಣ್ಣ ಸಣ್ಣ ಆಕೃತಿಗಳು. ದೊಡ್ಡದೊಂದು ಪಪೈರಸ್ಸನ್ನು ಬಿಚ್ಚಿ ಕೋಣೆಯ ಸುತ್ತ ಅಂಟಿಸಿದಂತೆ. ನಡುರಾತ್ರಿಯ ಗಾಢ ಕತ್ತಲಲ್ಲಿ ದಣಿದ ರಾ ಸತ್ತ ಒಸೈರಿಸ್‌ನನ್ನು ಸೇರುತ್ತಾನೆ. ಒಬ್ಬನಿಂದ ಇನ್ನೊಬ್ಬನಿಗೆ ಜೀವ ಬರುತ್ತದೆ. ಕೊನೆಯ ಗಂಟೆಯಲ್ಲಿ ಇಡೀ ದೋಣಿ, ಎಳೆಯುವ ಪರಿವಾರದ ಸಮೇತ, ಒಂದು ಉದ್ದನೆಯ ಹಾವಿನ ಬಾಲದಲ್ಲಿ ಹೊಕ್ಕು ಬಾಯಿಂದ ಹೊರಬರುತ್ತದೆ. ಒಳಗೆ ಹೋಗುವಾಗ ಎಲ್ಲರೂ ಮುದುಕರು, ಹೊರಬರುವಾಗ ಎಳೆಯರು. ದಿಗಂತದಲ್ಲಿ ಹುಟ್ಟುವುದು ನಿನ್ನೆಯ ಸೂರ್ಯನಲ್ಲ, ಮಗುವಾದ ಸೂರ್ಯ. ಮುಪ್ಪಿಗೆ ಈಜಿಪ್ಟ್ ಕಂಡುಕೊಂಡ ಉತ್ತರ ಅಮೃತವಲ್ಲ, ಪ್ರತಿರಾತ್ರಿಯ ಈ ಮರುಹುಟ್ಟು. ಒಂದು ರಾತ್ರಿ ತಪ್ಪಿದರೂ ಬೆಳಗಿಲ್ಲ.

ಇದರಲ್ಲಿ ಮನುಷ್ಯರ ಪಾಲು ಗುಡಿಯಲ್ಲಿ ನಡೆಯುತ್ತಿತ್ತು. ಅಬಿಡೋಸ್‌ನಲ್ಲಿ ಸೇತಿ ಕಟ್ಟಿಸಿದ ದೇವಾಲಯದಲ್ಲಿ ಏಳು ಗರ್ಭಗುಡಿಗಳು ಸಾಲಾಗಿವೆ. ಗೋಡೆಗಳ ಮೇಲೆ ದಿನದ ಪೂಜೆಯ ಕ್ರಮ ಕೆತ್ತಿದೆ. ಬರ್ಲಿನ್‌ನಲ್ಲಿರುವ ಒಂದು ಪಪೈರಸ್‌ನಲ್ಲಿ ಕಾರ್ನಾಕ್ ದೇವಾಲಯದ ಒಡೆಯನಾದ ಅಮುನ್ ದೇವರ ನಿತ್ಯಪೂಜೆಯ 66 ಮಂತ್ರಭಾಗಗಳಿವೆ. ಬೆಳಗಿನ ಜಾವ ಅರ್ಚಕ ಮಿಂದು, ತಲೆ ಮೈ ನುಣ್ಣಗೆ ಬೋಳಿಸಿಕೊಂಡು ಬರುತ್ತಾನೆ. ಬಾಗಿಲ ಮೇಲಿನ ಮಣ್ಣಿನ ಮುದ್ರೆ ಒಡೆಯುತ್ತಾನೆ, ಅಗುಳಿ ಎಳೆಯುತ್ತಾನೆ, ವಿಗ್ರಹದ ಮುಂದೆ ನೆಲಕ್ಕೆ ಬಿದ್ದು ನಮಸ್ಕರಿಸುತ್ತಾನೆ, ಧೂಪ ಹಾಕುತ್ತಾನೆ. ಹಿಂದಿನ ದಿನದ ಬಟ್ಟೆ ತೆಗೆದು ಹೊಸ ಬಟ್ಟೆ ಉಡಿಸುತ್ತಾನೆ, ಕಿರುಬೆರಳಿನಿಂದ ಸುಗಂಧತೈಲ ಹಚ್ಚುತ್ತಾನೆ. ಕೈಯಲ್ಲಿ ಹಿಡಿದು ಅರ್ಪಿಸುವ ವಸ್ತುಗಳಲ್ಲಿ ಮುಖ್ಯವಾದದ್ದು ಒಂದು ಪುಟ್ಟ ಮಾಅತ್ ಬೊಂಬೆ. ದೇವರು ಮಾಅತ್‌ನಿಂದ ಬದುಕುತ್ತಾನೆ ಎಂದು ಮಂತ್ರ ಹೇಳುತ್ತದೆ. ಲೋಕದ ಒಪ್ಪವನ್ನು ಮನುಷ್ಯ ಎತ್ತಿ ದೇವರಿಗೆ ಉಣಿಸುತ್ತಿದ್ದಾನೆ. ಎಲ್ಲ ಮುಗಿದು ಹೊರಬರುವಾಗ ಅರ್ಚಕ ಹಿಮ್ಮುಖವಾಗಿ ನಡೆಯುತ್ತ, ಪೊರಕೆಯಿಂದ ತನ್ನ ಹೆಜ್ಜೆಗುರುತನ್ನೇ ಗುಡಿಸಿ ಅಳಿಸುತ್ತಾನೆ.

ಉಡಿಸುವುದು, ಉಣಿಸುವುದು, ನೈವೇದ್ಯವನ್ನು ಆಮೇಲೆ ಅರ್ಚಕರು ಹಂಚಿಕೊಳ್ಳುವುದು, ಇದೆಲ್ಲ ಇಲ್ಲಿ ಕುಳಿತವರಿಗೆ ಚಿರಪರಿಚಿತ ಅನ್ನಿಸುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಮರೆಯಬಾರದು. ಅಲ್ಲಿ ಜನಸಾಮಾನ್ಯರಿಗೆ ದರ್ಶನವಿರಲಿಲ್ಲ. ಒಳಗಿನ ವಿಗ್ರಹವನ್ನು ಹೊರಗಿನವರು ಯಾರೂ ಕಂಡವರಲ್ಲ. ಓಪೆತ್ ಹಬ್ಬದಲ್ಲಿ ಅಮುನ್ ಕಾರ್ನಾಕ್‌ನಿಂದ ಲಕ್ಸರ್‌ಗೆ ಮೆರವಣಿಗೆ ಹೊರಡುವಾಗಲೂ, ಅರ್ಚಕರ ಹೆಗಲ ಮೇಲಿನ ದೋಣಿಯಾಕಾರದ ಪಲ್ಲಕ್ಕಿಯಲ್ಲಿ ಅವನು ಪರದೆಯ ಮರೆಯಲ್ಲೇ ಇರುತ್ತಿದ್ದ. ಜನ ಆ ಪಲ್ಲಕ್ಕಿಯ ಮುಂದೆ ತಮ್ಮ ಪ್ರಶ್ನೆ ಇಡುತ್ತಿದ್ದರು. ಮುಂದೆ ಸರಿದರೆ ಹೌದು, ಹಿಂದೆ ಸರಿದರೆ ಅಲ್ಲ. ಕಳುವಿನ ದೂರು, ಮನೆಯ ಹಕ್ಕು ಎಲ್ಲ ಹೀಗೆ ತೀರ್ಮಾನವಾದ ದಾಖಲೆಗಳಿವೆ.

ಹಾಗಾದರೆ ಉಳಿದ ದಿನಗಳಲ್ಲಿ ಬಡವನ ದೇವರು ಯಾರು? ಇದಕ್ಕೆ ಉತ್ತರ ಬೇಕಾದರೆ ದೇರ್ ಅಲ್-ಮದೀನಾಗೆ ಬರಬೇಕು. ರಾಜರ ಸಮಾಧಿ ಕೊರೆದು ಬಣ್ಣ ಹಚ್ಚುತ್ತಿದ್ದ ಕುಶಲಕರ್ಮಿಗಳ ಹಳ್ಳಿ ಅದು. ಎದುರಿಗೆ ಅಲ್-ಕುರ್ನ್ ಎಂಬ ಗೋಪುರದಂಥ ಬೆಟ್ಟದ ತುದಿ. ಅಲ್ಲಿ ಮೆರೆತ್‌ಸೆಗೆರ್ ಎಂಬ ಹಾವಿನ ದೇವಿ ಇದ್ದಾಳೆ; ಮೌನವನ್ನು ಪ್ರೀತಿಸುವವಳು ಎಂದು ಆ ಹೆಸರಿನ ಅರ್ಥ. ಆ ಊರಿನ ನೆಫೆರಾಬು ಎಂಬ ಕೆಲಸಗಾರ ಅವಳಿಗೆ ಅರ್ಪಿಸಿದ ಕಲ್ಲು ಟ್ಯೂರಿನ್‌ನಲ್ಲಿದೆ. ಅದರಲ್ಲಿ ಅವನು ಹೇಳಿಕೊಳ್ಳುವುದರ ಸಾರ ಇಷ್ಟು: ನಾನು ತಿಳಿವಿಲ್ಲದವನು, ಒಳಿತು ಕೆಡುಕು ಅರಿಯದೆ ಬೆಟ್ಟದ ವಿರುದ್ಧ ತಪ್ಪು ಮಾಡಿದೆ. ಅವಳು ನನ್ನನ್ನು ಶಿಕ್ಷಿಸಿದಳು. ಹಗಲೂ ರಾತ್ರಿ ಅವಳ ಕೈಯಲ್ಲಿದ್ದೆ, ಹೆರಿಗೆಯ ಇಟ್ಟಿಗೆಯ ಮೇಲೆ ಕೂತ ಹೆಂಗಸಿನಂತೆ ಒದ್ದಾಡಿದೆ. ಗಾಳಿಯನ್ನು ಕರೆದೆ, ಅದು ಬರಲಿಲ್ಲ. ಬೆಟ್ಟದ ಬಗ್ಗೆ ಎಚ್ಚರ, ಅವಳೊಳಗೆ ಸಿಂಹವಿದೆ! ಆಮೇಲೆ ಒಡತಿಯನ್ನು ಕೂಗಿದೆ. ತಂಗಾಳಿಯಾಗಿ ಬಂದಳು, ನನ್ನ ನೋವು ಮರೆಸಿದಳು.

ಇದೇ ನೆಫೆರಾಬುವಿನ ಇನ್ನೊಂದು ಕಲ್ಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು ಕುಶಲಕರ್ಮಿಗಳ ದೇವರಾದ ಪ್ತಾಹ್ ದೇವರಿಗೆ. ಪ್ತಾಹ್ ಹೆಸರಿನಲ್ಲಿ ಸುಳ್ಳು ಆಣೆ ಮಾಡಿದೆ, ಅವನು ನನಗೆ ಹಗಲಲ್ಲೇ ಕತ್ತಲು ಕಾಣುವಂತೆ ಮಾಡಿದ, ಎನ್ನುತ್ತಾನೆ. ದೂಳು ತುಂಬಿದ ಸಮಾಧಿಗಳಲ್ಲಿ ಎಣ್ಣೆ ದೀಪದ ಬೆಳಕಿನಲ್ಲಿ ದುಡಿಯುವವರಿಗೆ ಕಣ್ಣು ಹೋಗುವುದೆಂದರೆ ಅನ್ನ ಹೋದಂತೆಯೇ. ರಾಜರ ಶಾಸನಗಳಲ್ಲಿ ದೇವರುಗಳು ಬರೀ ಜಯ ಕೊಡುತ್ತಾರೆ. ಮನುಷ್ಯ ಅಳುವ ದನಿ ಕೇಳಿಸುವುದು ಇಂಥ ಸಣ್ಣ ಕಲ್ಲುಗಳಲ್ಲಿ. ಕೆಲವು ಕಲ್ಲುಗಳ ಮೇಲೆ ಕಿವಿಗಳನ್ನೇ ಸಾಲುಸಾಲಾಗಿ ಕೆತ್ತಿದ್ದಾರೆ, ದೇವರಿಗೆ ಮೊರೆ ಚೆನ್ನಾಗಿ ಕೇಳಲಿ ಅಂತ. ಮನೆಯೊಳಗೆ ಬಸುರಿ ಬಾಣಂತಿಯರನ್ನು ಕಾಯಲು ನೀರಾನೆಯ ದೊಡ್ಡ ಹೊಟ್ಟೆಯ ತವೆರೆಟ್, ನಾಲಗೆ ಚಾಚಿದ ಕುಳ್ಳ ಬೆಸ್. ಚಂದದ ದೇವರುಗಳಲ್ಲ, ಬೇಕಾಗಿದ್ದ ದೇವರುಗಳು.

ಬೇಕಾಗಿದ್ದವರು ಅಂದೆ. ಅದು ಎಷ್ಟು ನಿಜ ಅನ್ನುವುದು ಅಖೆನಾತೆನ್ ರಾಜನ ಕಾಲದಲ್ಲಿ ಗೊತ್ತಾಯಿತು. ಸುಮಾರು ಕ್ರಿ.ಪೂ. 1350ರ ಹೊತ್ತಿಗೆ ಅವನು ಸೂರ್ಯಬಿಂಬವಾದ ಆತೆನ್ ಒಂದನ್ನೇ ಉಳಿಸಿ, ಅಮುನ್ ಹೆಸರನ್ನು ಗೋಡೆಗೋಡೆಯಿಂದ ಉಳಿಯಲ್ಲಿ ಕೆತ್ತಿ ತೆಗೆಸಿದ. ಆತೆನ್‌ಗೆ ಹೆಂಡತಿಯಿಲ್ಲ, ಶತ್ರುವಿಲ್ಲ, ಮುಪ್ಪಿಲ್ಲ. ರಾತ್ರಿಯ ಯುದ್ಧವೂ ಇಲ್ಲ. ಅವನು ಮುಳುಗಿದರೆ ಲೋಕ ಸತ್ತಂತೆ ಕತ್ತಲಲ್ಲಿ ಬಿದ್ದಿರುತ್ತದೆ, ಅಷ್ಟೆ. ಆತೆನ್ ಸ್ತುತಿಯ ಕಾವ್ಯಗುಣ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವನ ಹೊಸ ರಾಜಧಾನಿ ಅಮರ್ನಾದ ಕೆಲಸಗಾರರ ಮನೆಗಳನ್ನು ಅಗೆದಾಗ ಸಿಕ್ಕಿದ್ದೇನು? ಅದೇ ಬೆಸ್, ಅದೇ ತವೆರೆಟ್ ತಾಯಿತಗಳು. ಮಗುವಿಗೆ ಜ್ವರ ಬಂದ ರಾತ್ರಿ ಸೂರ್ಯಬಿಂಬ ಯಾವ ತಾಯಿಗೂ ಸಾಲಲಿಲ್ಲ. ರಾಜ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಹಳೆಯ ದೇವರುಗಳೆಲ್ಲ ತಮ್ಮ ತಮ್ಮ ಗುಡಿಗೆ ಮರಳಿದರು.

ಸತ್ತ ಮೇಲೆ ಹೃದಯವನ್ನು ಮಾಅತ್‌ನ ಗರಿಯ ಎದುರು ತೂಗುವ ಚಿತ್ರ ಎಲ್ಲರೂ ನೋಡಿರುವುದರಿಂದ ಒಂದೇ ಮಾತು ಹೇಳಿ ದಾಟುತ್ತೇನೆ. ಅನುಬಿಸ್ ತಕ್ಕಡಿ ನೋಡುತ್ತಾನೆ, ಥಾತ್ ಬರೆದುಕೊಳ್ಳುತ್ತಾನೆ, 42 ಮಂದಿ ನಿರ್ಣಾಯಕರ ಮುಂದೆ ಸತ್ತವನು ತಾನು ಮಾಡದ ತಪ್ಪುಗಳನ್ನು ಎಣಿಸುತ್ತಾನೆ: ಕದಿಯಲಿಲ್ಲ, ಅಳತೆಯಲ್ಲಿ ಮೋಸ ಮಾಡಲಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು, ಗುಡಿಯಲ್ಲಿ ದಿನವೂ ದೇವರಿಗೆ ಉಣಿಸುತ್ತಿದ್ದ ಅದೇ ಮಾಅತ್.

ಈಗ ಪ್ರಾಣಿಗಳ ತಲೆಗೆ ಬರೋಣ. ದೇವರು ನಿಜವಾಗಿ ಹೀಗೆಯೇ ಇದ್ದಾನೆಂದು ಈಜಿಪ್ಟಿನವರು ಚಿತ್ರ ಬರೆಯಲಿಲ್ಲ. ಹಾಥೋರ್ ಒಂದು ಕಡೆ ಪೂರ್ತಿ ಹಸು, ಇನ್ನೊಂದು ಕಡೆ ಹಸುವಿನ ಕಿವಿಯಿರುವ ಹೆಣ್ಣು, ಮತ್ತೊಂದು ಕಡೆ ಕೊಂಬುಗಳ ನಡುವೆ ಸೂರ್ಯಬಿಂಬ ಹೊತ್ತ ಹೆಣ್ಣು. ಥಾತ್ ಒಮ್ಮೆ ಐಬಿಸ್ ಹಕ್ಕಿ, ಒಮ್ಮೆ ಕೋತಿ. ತಲೆ ಆ ದೇವತೆಯ ಗುಣವನ್ನು ಹೇಳುತ್ತದೆ. ಸ್ಮಶಾನದ ಅಂಚಿನಲ್ಲಿ ಅಲೆಯುವ ನರಿ ಹೆಣ ಕೆಡಿಸುವ ಪ್ರಾಣಿ. ಅದರ ತಲೆಯನ್ನೇ ಹೊತ್ತ ಅನುಬಿಸ್ ಹೆಣ ಕಾಯುವ ದೇವರಾದ. ಮುಂದಿನ ಶತಮಾನಗಳಲ್ಲಿ ಬೆಕ್ಕಿನ ರೂಪದ ಬಾಸ್ತೆತ್ ದೇವಿಗೆ ಹರಕೆಯಾಗಿ ಬೆಕ್ಕುಗಳ ಮಮ್ಮಿಗಳನ್ನು ಲಕ್ಷಗಟ್ಟಲೆ ಒಪ್ಪಿಸಿದರು. 1890ರಲ್ಲಿ ಅಂಥ ಸುಮಾರು 19 ಟನ್ ಮಮ್ಮಿಗಳನ್ನು ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಸಾಗಿಸಿ, ಹರಾಜು ಹಾಕಿ, ಪುಡಿ ಮಾಡಿ ಹೊಲಕ್ಕೆ ಗೊಬ್ಬರವಾಗಿ ಚೆಲ್ಲಿದರು. ಯಾರದೋ ಹರಕೆ ಅದು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಾತು ಮುಗಿದ ಮೇಲೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಈ ದೇವರುಗಳಿಗೂ ನಮ್ಮ ನೆಲಕ್ಕೂ ಏನಾದರೂ ನಂಟಿದೆಯೇ ಎಂದು ಒಬ್ಬರು ಕೇಳಿದರು. ಹೋಲಿಕೆಗಳನ್ನು ಎಳೆದು ತಂದು ಅವರೇ ಇವರು ಅನ್ನುವ ವಾದಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ವ್ಯಾಪಾರದ ದಾರಿಯಲ್ಲಿ ನಿಜವಾದ ನಂಟು ಇದೆ. ಎರಡನೆಯ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕರಿಮೆಣಸಿನ ಕಾಳು ಸಿಕ್ಕಿದೆ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಸೆರಾಪಿಸ್ ಗುಡಿಯ ಅಂಗಳದಲ್ಲಿ ಭಾರತದ ಮಡಕೆಯೊಂದರ ತುಂಬ ಸುಮಾರು 7.5 ಕಿಲೋ ಮೆಣಸು ಸಿಕ್ಕಿದೆ. ಅದೇ ಊರಿನ ಐಸಿಸ್ ಗುಡಿಯಲ್ಲಿ 2022ರಲ್ಲಿ ಅಮೃತಶಿಲೆಯ ಬುದ್ಧನ ವಿಗ್ರಹವೇ ಸಿಕ್ಕಿತು. ಇನ್ನು ಈಜಿಪ್ಟಿನದೇ ಆದ ಆಕ್ಸಿರಿಂಕಸ್ ಪಟ್ಟಣದ ತಿಪ್ಪೆಗುಂಡಿಯಿಂದ ಬಂದ ಪಪೈರಸ್‌ಗಳು. ಅವುಗಳಲ್ಲಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ಕೆಲವು ಮಾತುಗಳು ಕನ್ನಡ ಎಂದು ಹುಲ್ಟ್ಸ್, ಶಾಮಶಾಸ್ತ್ರಿ, ಗೋವಿಂದ ಪೈ ವಾದಿಸಿದ್ದು ನಿಮಗೆ ಗೊತ್ತೇ ಇದೆ; ಹಲವು ವಿದ್ವಾಂಸರು ಅದನ್ನು ಒಪ್ಪಿಲ್ಲ. ಅದೇ ಊರಿನ ಇನ್ನೊಂದು ಪಪೈರಸ್ ಬಗ್ಗೆ ನಮ್ಮಲ್ಲಿ ಅಷ್ಟು ಮಾತಾಗುವುದಿಲ್ಲ. ಅದು ಐಸಿಸ್ ಸ್ತುತಿ. ಯಾವ ಯಾವ ನಾಡಿನವರು ಅವಳನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬ ಉದ್ದನೆಯ ಪಟ್ಟಿ ಅದರಲ್ಲಿದೆ, ಭಾರತೀಯರ ಸರದಿಯಲ್ಲಿ ಮಾಯಾ ಎಂದಿದೆ. ವಿಷದ ಉರಿಯಲ್ಲಿದ್ದ ರಾನ ಹೆಸರನ್ನು ಕಿತ್ತುಕೊಂಡವಳಿಗೆ ಲೋಕವೆಲ್ಲ ಹೆಸರು ಕೊಟ್ಟಿದೆ.

ಇನ್ನೊಬ್ಬರು ಕೇಳಿದ್ದು, ಈ ದೇವರುಗಳು ಕೊನೆಗೆ ಏನಾದರು ಎಂದು. ನಮಗೆ ಗೊತ್ತಿರುವ ಕಟ್ಟಕಡೆಯ ಚಿತ್ರಲಿಪಿ ಶಾಸನ ಅಸ್ವಾನ್ ಹತ್ತಿರದ ಫೀಲೆ ದ್ವೀಪದ ಐಸಿಸ್ ದೇವಾಲಯದಲ್ಲಿದೆ, ಕ್ರಿ.ಶ. 394ರ ಆಗಸ್ಟ್ 24ರಂದು ಒಬ್ಬ ಅರ್ಚಕ ಬರೆಸಿದ್ದು. ಅಷ್ಟು ಹೊತ್ತಿಗೆ ರೋಮನ್ ಚಕ್ರವರ್ತಿಗಳು ಹಳೆಯ ಪೂಜೆಗಳನ್ನು ನಿಷೇಧಿಸಿದ್ದರು. ಫೀಲೆಯಲ್ಲಿ ಮಾತ್ರ ಅರ್ಚಕರ ಮನೆತನಗಳು ಇನ್ನೂ ಕೆಲವು ತಲೆಮಾರು ದೀಪ ಹಚ್ಚಿದವು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಆ ಗುಡಿಯನ್ನೂ ಮುಚ್ಚಿಸಿದ, ಅರ್ಚಕರನ್ನು ಸೆರೆಗೆ ಹಾಕಿಸಿದ. ಆಮೇಲೂ, ಪ್ರಾಚೀನ ಈಜಿಪ್ಟ್ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಭಾಷೆಯ ಮಂತ್ರಗಳಲ್ಲಿ, ಹೊಟ್ಟೆನೋವಿನಿಂದ ಅಳುವ ಹುಡುಗ ಹೋರಸ್ ಅಮ್ಮ ಐಸಿಸ್‌ನನ್ನು ಕರೆಯುತ್ತಲೇ ಇದ್ದಾನೆ. ಅದನ್ನು ಬರೆದವರು ಕ್ರೈಸ್ತರು. ನೋವಿಗೆ ಬೇಕಾದ ಕಥೆಯನ್ನು ಅವರೂ ಕೈಬಿಡಲಿಲ್ಲ.

ಲಕ್ಸರ್ ದೇವಾಲಯದ ಒಳಗೇ ಈಗ ಅಬು ಅಲ್-ಹಜ್ಜಾಜ್ ಎಂಬ ಸೂಫಿ ಸಂತರ ಮಸೀದಿ ಇದೆ. ಅವರ ಉರುಸಿನಲ್ಲಿ ದೋಣಿಗಳ ಮೆರವಣಿಗೆ ಹೊರಡುತ್ತದೆ. ಓಪೆತ್ ಹಬ್ಬದ ನೆನಪು ಅದರಲ್ಲಿದೆ ಎಂದು ಅನೇಕರು ನಂಬುತ್ತಾರೆ. ತಿಂಗಳ ಹೆಸರುಗಳಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ. ಈಜಿಪ್ಟಿನ ರೈತರು ಬಿತ್ತನೆ ಕಟಾವುಗಳ ಲೆಕ್ಕಕ್ಕೆ ಕಾಪ್ಟಿಕ್ ಪಂಚಾಂಗವನ್ನು ಇಂದಿಗೂ ನೋಡುತ್ತಾರೆ. ಅದರ ಮೊದಲ ತಿಂಗಳು ತೂತ್, ಅದು ಥಾತ್‌ನದು. ಎರಡನೆಯದು ಬಾಬಾ, ಓಪೆತ್ ಹಬ್ಬದ ತಿಂಗಳು. ಮೂರನೆಯದು ಹತೂರ್, ಹಾಥೋರಳದು. ಅದು ನವೆಂಬರಿನಲ್ಲಿ ಬರುತ್ತದೆ, ಗೋಧಿ ಬಿತ್ತುವ ಹೊತ್ತಿನಲ್ಲಿ. ಹತೂರ್ ತಿಂಗಳು ಚಿನ್ನ ಚೆಲ್ಲುತ್ತದೆ ಎಂಬ ಗಾದೆ ಅಲ್ಲಿನ ಹಳ್ಳಿಗಳಲ್ಲಿದೆ. ಚಿನ್ನ ಅಂದರೆ ಬಿತ್ತನೆಯ ಗೋಧಿ.